ಮೂರು ಟೆಂಡರು, ಒಂದೇ ದರ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಈ ಸೆಮಿಸ್ಟರಿಗೆ ವ್ಯಾಪಾರದ ಪೈಪೋಟಿಯನ್ನು ಕಾಯುವ ಸ್ಪರ್ಧಾ ಕಾನೂನನ್ನು ಆರಿಸಿಕೊಂಡಿರುವುದಾಗಿಯೂ, ಅದರ ಸೆಕ್ಷನ್ನುಗಳು ತಲೆಗೆ ಹತ್ತುತ್ತಿದ್ದರೂ ಜೊತೆಗೆ ಹೇರಿರುವ ಅರ್ಥಶಾಸ್ತ್ರ ವಕೀಲರಿಗೆ ಯಾತಕ್ಕೆಂದು ತಿಳಿಯುತ್ತಿಲ್ಲವೆಂದೂ ಬರೆದಿದ್ದೀಯೆ. ಅಡಿಕೆ ಮಂಡಿಯ ಲೆಕ್ಕ ಬರೆಯುತ್ತಲೇ ತಲೆ ನರೆತ ನಾನು ಕಾನೂನು ಓದಿದವನಲ್ಲ. ಆದರೆ ನೀನು ಕಳಿಸಿದ ತೀರ್ಪುಗಳನ್ನು ಓದಿದ ಮೇಲೆ, ಈ ವಿಷಯದಲ್ಲಿ ಅರ್ಥಶಾಸ್ತ್ರವನ್ನು ಬಿಟ್ಟರೆ ಕಾನೂನಿನ ಕೈಗೆ ಏನೂ ಸಿಗುವುದಿಲ್ಲವೆಂದು ನನಗೆ ಅನ್ನಿಸಿದೆ.

ಮಂಡಿಯ ಟೆಂಡರನ್ನು ನೀನೂ ನೋಡಿದವಳೇ. ವ್ಯಾಪಾರಿಗಳು ಲಾಟಿನಿಂದ ಲಾಟಿಗೆ ನಡೆದು, ಒಂದು ಮುಷ್ಟಿ ಚಾಲಿ (ಒಣಗಿಸಿದ ಅಡಿಕೆ) ಎತ್ತಿ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡಿ, ಪಕ್ಕದವರಿಗೆ ಕಾಣದಂತೆ ದರ ಬರೆಯುತ್ತಾರೆ. ಹಾಗಿದ್ದೂ ಒಂದು ಒಳ್ಳೆಯ ಲಾಟಿಗೆ ಬೀಳುವ ದರಗಳ ನಡುವೆ ಹೆಚ್ಚು ಅಂತರ ಇರುವುದಿಲ್ಲ. ಎಲ್ಲರ ಕಣ್ಣೆದುರಿಗಿರುವುದು ಒಂದೇ ಅಡಿಕೆ, ಉತ್ತರದ ಪೇಟೆಯಿಂದ ಫೋನಿನಲ್ಲಿ ಎಲ್ಲರಿಗೂ ಸಿಗುವ ಸುದ್ದಿಯೂ ಒಂದೇ. ಪೈಪೋಟಿ ಬಿಗಿಯಾದಷ್ಟೂ ದರಗಳು ಹತ್ತಿರವಾಗುತ್ತವೆ. ಅದೇ ವ್ಯಾಪಾರಿಗಳು ಹಿಂದಿನ ರಾತ್ರಿ ಒಟ್ಟಿಗೆ ಕುಳಿತು ಮಾತಾಡಿಕೊಂಡು ಬಂದಿದ್ದರೂ ಚೀಟಿಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಅದೇ. ಪೈಪೋಟಿಯೂ ಒಳಒಪ್ಪಂದವೂ ಕಾಗದದ ಮೇಲೆ ಒಂದೇ ಗುರುತನ್ನು ಬಿಟ್ಟು ಹೋದರೆ ನ್ಯಾಯಾಧೀಶರು ಯಾವುದನ್ನು ಹಿಡಿದು ತೀರ್ಮಾನಿಸಬೇಕು?

ಎಕ್ಸೆಲ್ ಕ್ರಾಪ್ ಕೇರ್ ಪ್ರಕರಣವನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಮತ್ತೊಮ್ಮೆ ಓದು. ಗೋದಾಮಿನ ಧಾನ್ಯಕ್ಕೆ ಹುಳು ಹಿಡಿಯದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳಿಗಾಗಿ ಭಾರತೀಯ ಆಹಾರ ನಿಗಮ 2009ರಲ್ಲಿ ಟೆಂಡರು ಕರೆದಾಗ ಎಕ್ಸೆಲ್ ಸೇರಿ ಮೂರು ಕಂಪನಿಗಳು ಬರೆದ ದರ 388 ರೂಪಾಯಿ, ಮೂರೂ ಒಂದೇ. ಇದನ್ನು ತಯಾರಿಸುವವರೇ ಬೆರಳೆಣಿಕೆಯಷ್ಟು, ಒಬ್ಬರ ದರವನ್ನು ಇನ್ನೊಬ್ಬರು ಗಮನಿಸುತ್ತಿರುವುದರಿಂದ ಹೀಗಾಗುವುದು ಸಹಜ ಎಂಬುದು ಕಂಪನಿಗಳ ಸಮರ್ಥನೆ. ಇದನ್ನು ಬರೀ ವಕೀಲರ ಚಾತುರ್ಯವೆಂದು ತಳ್ಳಿಹಾಕಬೇಡ. ಎರಡು ಖನಿಜ ನೀರಿನ ಬುಗ್ಗೆಗಳ ಒಡೆಯರು ಪರಸ್ಪರ ಮಾತೇ ಆಡದೆ, ಇನ್ನೊಬ್ಬರು ಎಷ್ಟು ಮಾರುತ್ತಾರೆಂಬುದನ್ನು ನೋಡಿಕೊಂಡೇ ಮಾರಿದರೂ ದರ ಖರ್ಚಿಗಿಂತ ಮೇಲೆಯೇ ನಿಲ್ಲುತ್ತದೆಂದು ಫ್ರಾನ್ಸಿನ ಗಣಿತಜ್ಞ ಕೂರ್ನೋ 1838ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. ಆ ಒಡೆಯರು ದರದಲ್ಲಿಯೇ ಗುದ್ದಾಡಿದರೆ ಅದು ಖರ್ಚಿನ ಮಟ್ಟಕ್ಕೆ ಇಳಿಯುತ್ತದೆಂದು 1883ರಲ್ಲಿ ಅದೇ ದೇಶದ ಗಣಿತಜ್ಞ ಬರ್ಟ್ರಾಂಡ್ ವಾದಿಸಿದರು. ಮಾರುವವರು ಕಡಿಮೆ ಎಂಬ ಒಂದೇ ಕಾರಣದಿಂದ ಕಳ್ಳತನವೂ ಸಾಬೀತಾಗುವುದಿಲ್ಲ, ನಿರ್ದೋಷವೂ ಸಾಬೀತಾಗುವುದಿಲ್ಲ ಎಂಬುದಷ್ಟೇ ಇವರಿಬ್ಬರಿಂದ ನಾನು ತಿಳಿದುಕೊಂಡದ್ದು. ನ್ಯಾಯಾಲಯ ಕೈಹಾಕಿದ್ದು ಬೇರೆ ಕಡೆಗೆ: ಮೂವರ ತಯಾರಿಕೆಯ ಖರ್ಚು ಬೇರೆ, ಕಾರ್ಖಾನೆಗಳಿರುವ ಊರುಗಳು ಬೇರೆ, ಆದರೂ ದರದಲ್ಲಿ ಒಂದು ರೂಪಾಯಿಯ ವ್ಯತ್ಯಾಸವಿಲ್ಲ. ಖರ್ಚು ಬೇರೆಯಾಗಿದ್ದವರ ದರ ತಾನಾಗಿಯೇ ಒಂದೇ ಅಂಕಿಗೆ ಬಂದು ಕೂರುವುದಕ್ಕೆ ಯಾವ ಸಿದ್ಧಾಂತದಲ್ಲೂ ಸುಲಭದ ವಿವರಣೆ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಒಳಒಪ್ಪಂದದ ತೀರ್ಮಾನವನ್ನು ಎತ್ತಿಹಿಡಿಯಿತು. ಒಪ್ಪಂದ ರುಜುವಾತಾದರೆ ಸ್ಪರ್ಧಾ ಕಾಯಿದೆಯ ಸೆಕ್ಷನ್ 3(3)ರ ಅಡಿಯಲ್ಲಿ ಪೈಪೋಟಿಗೆ ಆದ ಹಾನಿಯನ್ನು ಊಹಿಸಿಕೊಳ್ಳಬಹುದಾದ್ದರಿಂದ ಜಗಳವೆಲ್ಲ ಈ ಮೊದಲ ಮೆಟ್ಟಿಲಲ್ಲೇ ನಡೆಯುತ್ತದೆ.

ಮಾರುಕಟ್ಟೆ ಯಾವುದೆಂದು ಗೆರೆ ಎಳೆಯುವ ಅಧ್ಯಾಯ ಒಣಕಲೆಂದು ಬರೆದಿದ್ದೀಯೆ. ಅದಕ್ಕೆ ನಮ್ಮ ಡಬ್ಬಿಂಗ್ ಜಗಳವನ್ನೇ ತೆಗೆದುಕೋ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಡಬ್ಬಿಂಗನ್ನು ತಡೆದದ್ದಕ್ಕಾಗಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಮೂರು ಸಂಘಗಳಿಗೆ ಈ ಕಾಯಿದೆಯನ್ನು ಜಾರಿಗೊಳಿಸುವ ಸ್ಪರ್ಧಾ ಆಯೋಗ 2015ರಲ್ಲಿ ದಂಡ ವಿಧಿಸಿತು. ಬಂಗಾಳಿಗೆ ಡಬ್ ಮಾಡಿದ ಮಹಾಭಾರತ ಧಾರಾವಾಹಿಯ ವಿಷಯದಲ್ಲಿ ಅಂಥದ್ದೇ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಾರುಕಟ್ಟೆ ಎಂದರೆ ಆ ಒಂದು ಧಾರಾವಾಹಿಯ ಪ್ರಸಾರವಷ್ಟೇ ಅಲ್ಲ, ಪಶ್ಚಿಮ ಬಂಗಾಳದ ಇಡೀ ಸಿನಿಮಾ ಮತ್ತು ಟಿವಿ ಉದ್ಯಮ ಎಂದು 2017ರಲ್ಲಿ ತೀರ್ಮಾನವಾಯಿತು. ಭಾಷೆ, ಕಲಾವಿದರ ಅನ್ನ ಎಂಬ ವಾದಗಳನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಅರ್ಥಶಾಸ್ತ್ರ ಕೇಳುವುದು, ನೋಡುಗನಿಗೆ ಇದರ ಬದಲು ಅದು ನಡೆಯುತ್ತದೆಯೇ ಎಂದು ಮಾತ್ರ. ಡಬ್ ಆದದ್ದು ಬಂದರೆ ನಮ್ಮದನ್ನು ಯಾರೂ ನೋಡುವುದಿಲ್ಲವೆಂದು ಹೆದರುವವರು, ಅವೆರಡೂ ಒಂದಕ್ಕೊಂದು ಬದಲಿ ಎಂದು ತಾವೇ ಒಪ್ಪಿಕೊಂಡ ಹಾಗಾಗಲಿಲ್ಲವೇ? ಇದನ್ನು ನಿನ್ನ ಅಧ್ಯಾಪಕರಲ್ಲಿ ಕೇಳಿ ನೋಡು. ಅವರು ಒಪ್ಪದೆಯೂ ಇರಬಹುದು.

1969ರ ಏಕಸ್ವಾಮ್ಯ ಕಾಯಿದೆಯಿಂದ, ಹೊಸ ಕಾಯಿದೆಗೆ ಶಿಫಾರಸು ಮಾಡಿದ ರಾಘವನ್ ಸಮಿತಿಯವರೆಗಿನ ಇತಿಹಾಸವನ್ನು ಪರೀಕ್ಷೆಗೆ ಬೇಕಾದಷ್ಟು ಓದಿದರೆ ಸಾಕು. ಹಳೆಯ ಕಾಯಿದೆಗೆ ದೊಡ್ಡದಾಗಿರುವುದೇ ಅನುಮಾನದ ವಿಷಯವಾಗಿತ್ತು, 2002ರ ಸ್ಪರ್ಧಾ ಕಾಯಿದೆಗೆ ದೊಡ್ಡತನದ ದುರುಪಯೋಗ ಮಾತ್ರ ತಪ್ಪು ಎಂಬುದನ್ನು ನೆನಪಿಟ್ಟುಕೋ. ಸೆಕ್ಷನ್ 46ರ ಕೆಳಗೆ ತಪ್ಪೊಪ್ಪಿಕೊಂಡು ಬಂದವರಿಗೆ ಸಿಗುವ ರಿಯಾಯಿತಿಯ ಮೇಲೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕಳೆ. ರೈಲ್ವೆಗೆ ಫ್ಯಾನು ಪೂರೈಸುವ ಟೆಂಡರಿನ ಪ್ರಕರಣದಲ್ಲಿ 2017ರಲ್ಲಿ ಮೊದಲ ಬಾರಿಗೆ ಈ ರಿಯಾಯಿತಿ ದೊರೆತು, ದಂಡದಲ್ಲಿ ಶೇಕಡಾ 75ರಷ್ಟು ಕಡಿತವಾಯಿತು. ಜೊತೆಗಾರ ಮೊದಲು ಬಾಯಿಬಿಟ್ಟಾನೆಂಬ ಭಯವನ್ನೇ ಕಾನೂನು ಇಲ್ಲಿ ಬಳಸಿಕೊಂಡಿದೆ.

ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದೇನೆಂದೆಯಲ್ಲ, ದಂಡದ ಲೆಕ್ಕವನ್ನು ತೆಗೆದುಕೊಳ್ಳಬಹುದು. ತಪ್ಪು ನಡೆದ ಸರಕಿನ ವಹಿವಾಟಿನ ಮೇಲೆ ಮಾತ್ರ ದಂಡ ಎಂದು ಎಕ್ಸೆಲ್ ತೀರ್ಪು ಹೇಳಿದರೆ, 2023ರ ತಿದ್ದುಪಡಿ ಕಂಪನಿಯ ಜಗತ್ತಿನಾದ್ಯಂತದ ವಹಿವಾಟನ್ನೇ ಆಧಾರವಾಗಿಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಒಂದೇ ಸರಕು ಮಾಡುವವನಿಗೂ ನೂರು ಸರಕು ಮಾಡುವವನಿಗೂ ಅದೇ ತಪ್ಪಿಗೆ ಇಷ್ಟು ಬೇರೆಬೇರೆ ದಂಡ ಬೀಳಬಹುದಾದರೆ ಅದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆದರೆ ಸಿಕ್ಕಿಬೀಳುವ ಸಂಭವವೇ ಕಡಿಮೆ ಇರುವಾಗ ಸಣ್ಣ ದಂಡಕ್ಕೆ ಯಾರೂ ಹೆದರುವುದಿಲ್ಲ ಎಂಬ ಎದುರು ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ನೀನು ಯಾವ ಕಡೆಗೆ ನಿಲ್ಲುತ್ತೀಯೆಂಬುದನ್ನು ಕಾರಣಸಹಿತ ಬರೆ.

ಇಂತು ನಿನ್ನ
ಅಪ್ಪ