ಆಪರೇಷನ್ ದಿನ ನಿಗದಿಯಾಗುವ ಮುನ್ನ ಎಂಆರ್‌ಐ ಆಗಲಿ

ಮಾನ್ಯರೇ,

ಮಲದಲ್ಲಿ ರಕ್ತ ಕಂಡರೆ ನಮ್ಮ ಕಡೆ ಎಲ್ಲರೂ ಹೇಳುವುದು ‘ಪೈಲ್ಸ್ ಇರಬೇಕು, ಉಷ್ಣ’ ಎಂದು. ನಮ್ಮ ತಂದೆಯೂ ಎಂಟು ತಿಂಗಳು ಮುಲಾಮು ಹಚ್ಚಿಕೊಂಡೇ ಕಳೆದರು. ಕೊನೆಗೆ ಒಬ್ಬ ವೈದ್ಯರು ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷಿಸಿದಾಗ ಗಡ್ಡೆ ಸಿಕ್ಕಿತು. ಬಯಾಪ್ಸಿಯಲ್ಲಿ ಗುದನಾಳದ ಕ್ಯಾನ್ಸರ್ ಎಂದು ಬಂತು. ಗುದದ್ವಾರದಿಂದ ನಾಲ್ಕೇ ಸೆಂಟಿಮೀಟರ್ ಮೇಲೆ.

ಮೊದಲು ಹೋದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ನೋಡಿ, ಮುಂದಿನ ವಾರವೇ ಆಪರೇಷನ್ ಎಂದರು. ಸಿಟಿ ಬೇಕೇ ಬೇಕು. ರೋಗ ಲಿವರಿಗೆ, ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡುವುದು ಅದರಲ್ಲೇ. ಆದರೆ ಗುದನಾಳದ ಕೆಳತುದಿಯಲ್ಲಿ ಗಡ್ಡೆ ಯಾವ ಪದರದವರೆಗೆ ಹೋಗಿದೆ ಎಂಬುದನ್ನು ಅದು ಬಿಡಿಸಿ ತೋರಿಸುವುದಿಲ್ಲ. ನೆಂಟರೊಬ್ಬರ ಒತ್ತಾಯಕ್ಕೆ ಇನ್ನೊಂದು ಕಡೆ ಹೋದೆವು. ಅಲ್ಲಿ ಎಂಆರ್‌ಐ ಆಯಿತು. ರೇಡಿಯಾಲಜಿಸ್ಟ್ ಪರದೆಯ ಮೇಲೆ ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಗುದನಾಳದ ಸುತ್ತ ಬೆಳ್ಳಗಿನ ಕೊಬ್ಬು, ಅದರ ಹೊರಗೆ ಕೂದಲೆಳೆಯಂಥ ಕಪ್ಪು ಗೆರೆ, ಅಂದರೆ ಕೊಬ್ಬನ್ನು ಸುತ್ತಿದ ಪೊರೆ. ಸರ್ಜನ್ ಆ ಗೆರೆಗುಂಟ ಬಿಡಿಸಿಕೊಂಡು ಬರಬೇಕು. ಕೆಳಗಿಳಿದಂತೆ ಕೊಬ್ಬು ತೆಳುವಾಗುತ್ತಾ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಅಲ್ಲಿ ಗಡ್ಡೆಗೆ ಪಕ್ಕದ ಸ್ನಾಯುವೇ ಗೋಡೆ. ಗಡ್ಡೆಗೂ ಆ ಗೆರೆಗೂ ಅಥವಾ ಸ್ನಾಯುವಿಗೂ ನಡುವಿನ ಅಂತರ 1 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮೊದಲು ರೇಡಿಯೇಷನ್, ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುತ್ತಾರೆ. ಅಪ್ಪನಿಗೆ ಆ ಅಂತರ ಇರಲೇ ಇಲ್ಲ. ಆ ವಾರವೇ ಕೊಯ್ದಿದ್ದರೆ ಕ್ಯಾನ್ಸರ್ ಒಳಗೇ ಉಳಿಯುವ ಸಂಭವ ಹೆಚ್ಚಿತ್ತು.

ಇದೇನು ಹೊಸ ವಿದ್ಯೆಯಲ್ಲ. ಗುದನಾಳವನ್ನು ಸುತ್ತಲಿನ ಕೊಬ್ಬು, ಪೊರೆ ಸಮೇತ ತೆಗೆಯುವ ಕ್ರಮವನ್ನು ಬ್ರಿಟನ್ನಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲೇ ಪ್ರಕಟಿಸಿದ್ದರು. ಆ ಅಂತರವನ್ನು ಎಂಆರ್‌ಐ ಮೊದಲೇ ಹೇಳಬಲ್ಲದು ಎಂದು ಯುರೋಪಿನ ಮರ್ಕ್ಯುರಿ ಅಧ್ಯಯನ 2006ರಲ್ಲಿ ತೋರಿಸಿತು.

ರೇಡಿಯೇಷನ್ ಮುಗಿದ ಮೇಲೆ ಮತ್ತೆ ಎಂಆರ್‌ಐ ಮಾಡಿ ಆಪರೇಷನ್ ಮಾಡಿದರು. ಶಾಶ್ವತ ಸ್ಟೋಮಾ (ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡುವ ದ್ವಾರ) ತಪ್ಪಲಿಲ್ಲ. ಆದರೆ ಆಪರೇಷನ್ನಿನ ಹಿಂದಿನ ದಿನ ನರ್ಸ್ ಅಪ್ಪನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ‘ಪಂಚೆ ಎಲ್ಲಿಗೆ ಕಟ್ಟುತ್ತೀರಿ ಯಜಮಾನ್ರೇ?’ ಎಂದು ಕೇಳಿ ಅದು ಎಲ್ಲಿ ಬರಬೇಕೆಂದು ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಇವತ್ತು ಅಪ್ಪ ಚೀಲ ಕಟ್ಟಿಕೊಂಡೇ ತೋಟಕ್ಕೆ ಹೋಗಿ ಬರುತ್ತಾರೆ.

ಸರ್ಕಾರಿ ಯೋಜನೆಯಡಿ ಗುದನಾಳದ ಕ್ಯಾನ್ಸರ್ ಆಪರೇಷನ್ನಿಗೆ ಮಂಜೂರಾತಿ ಕೊಡುವ ಮುನ್ನ ಎಂಆರ್‌ಐ ವರದಿಯನ್ನೂ, ಸರ್ಜನ್, ರೇಡಿಯಾಲಜಿಸ್ಟ್, ರೇಡಿಯೇಷನ್ ತಜ್ಞರು ಒಟ್ಟಿಗೆ ಕುಳಿತು ತೀರ್ಮಾನಿಸಿದ ಟಿಪ್ಪಣಿಯನ್ನೂ ಆರೋಗ್ಯ ಇಲಾಖೆ ಕಡ್ಡಾಯವಾಗಿ ಕೇಳಲಿ. ಸ್ಕ್ಯಾನಿನ ಖರ್ಚು ರೋಗಿಯ ತಲೆಗೆ ಬೀಳದಂತೆಯೂ ನೋಡಿಕೊಳ್ಳಲಿ.

ಇಂತಿ,
ಓದುಗಿ, ಶಿವಮೊಗ್ಗ