ರಾತ್ರಿ ಮೂರರ ಗೆಳೆಯನಿಗೆ

ಪ್ರಿಯ ರಘು,

ನಿನ್ನ ಮೆಸೇಜು ಬಂದದ್ದು ರಾತ್ರಿ 3.12ಕ್ಕೆ, ನಾನು ನೋಡಿದ್ದು ಬೆಳಿಗ್ಗೆ ಆರಕ್ಕೆ. ‘ಏನೋ, ನೋವು ವಾಸಿಯಾಯ್ತಾ, ಇಲ್ಲಾ ನನ್ನ ಮರೆತ್ಯಾ?’ ಅಂತ ಕೇಳಿದ್ದೀಯ. ಎರಡೂ ಅಲ್ಲ ಮಾರಾಯ, ಮಲಗಿದ್ದೆ.

ನಾಲ್ಕು ವರ್ಷ ಆ ಹೊತ್ತಿನಲ್ಲಿ ನನಗೆ ನೀನು, ನಿನಗೆ ನಾನು. ನಿನ್ನದು ಸೊಂಟದಿಂದ ಕಾಲಿಗಿಳಿಯುವ ನೋವು, ನನ್ನದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆಯ ಕೀಲುಗಳಿಗೆ ಉರಿಯೂತ ಬಂದು ಬಿಗಿಯುವ ಕಾಯಿಲೆ. ಇದರ ಚಾಳಿ ನಿನಗೆ ಗೊತ್ತೇ ಇದೆ: ಓಡಾಡಿದರೆ ಕಡಿಮೆ, ಸುಮ್ಮನೆ ಬಿದ್ದುಕೊಂಡರೆ ಜಾಸ್ತಿ. ನಡುರಾತ್ರಿ ದಾಟಿದ ಮೇಲೆ ಬೆನ್ನು ಹಲಗೆಯಾಗುತ್ತಿತ್ತು. ಮಗ್ಗುಲು ಬದಲಿಸಲು ಮಂಚದ ಪಟ್ಟಿ ಹಿಡಿದು, ಅಕ್ಕಿ ಮೂಟೆ ಹೊರಳಿಸಿದ ಹಾಗೆ ನನ್ನನ್ನು ನಾನೇ ಹೊರಳಿಸಿಕೊಳ್ಳಬೇಕಿತ್ತು. ‘ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ’ ಅಂತ ನಮ್ಮ ಮಾವ ಊಟಕ್ಕೆ ಕೂತಾಗಲೆಲ್ಲ ಹೇಳ್ತಾರೆ. ಅವರ ಬೆನ್ನು ಚೆನ್ನಾಗಿದೆ, ಬಿಡು.

ಮೊದಲು ನೋವು ಹೋಗಲಿ, ನಿದ್ದೆ ಹಿಂದೆಯೇ ಬರುತ್ತೆ ಅಂದುಕೊಂಡಿದ್ದೆ. ಹೋದ ವರ್ಷ ಡಾಕ್ಟರು ಎಷ್ಟು ಗಂಟೆ ಮಲಗ್ತೀರಿ ಅಂತ ಕೇಳಲೇ ಇಲ್ಲ, ಎಷ್ಟು ಸಲ ಎಚ್ಚರ ಆಗುತ್ತೆ ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಅವತ್ತಿಂದ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಕೆಳಗೆ ಎರಡು ಅಂಕಿ ಬರೆಯತೊಡಗಿದೆ: ಎಷ್ಟು ಸಲ ಎದ್ದೆ, ಬೆಳಿಗ್ಗೆ ಎಂಟಕ್ಕೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ. ಒಮ್ಮೆ ಅವಳು ನನ್ನ ಏಳನ್ನೂ ಸೇರಿಸಿ ಹಾಲಿನವನಿಗೆ ದುಡ್ಡು ಕೊಟ್ಟಳು, ಅದು ಬೇರೆ ಕಥೆ.

ಎರಡು ತಿಂಗಳಲ್ಲಿ ಚಿತ್ರ ಕಾಣಿಸಿತು. ತುಂಡು ತುಂಡಾದ ಎಂಟು ಗಂಟೆಗಿಂತ ಒಂದೇ ಓಟದ ಐದು ಗಂಟೆ ಮೇಲು. ನಾಲ್ಕೈದು ಸಲ ಎದ್ದ ರಾತ್ರಿಯ ಮರುದಿನ ಬೆನ್ನಷ್ಟೇ ಅಲ್ಲ, ಹಲ್ಲುಜ್ಜುವ ಬ್ರಶ್ಶೂ ಒಸಡಿಗೆ ಚುಚ್ಚುತ್ತಿತ್ತು, ಕುಕ್ಕರ್ ಸೀಟಿ ತಲೆಯೊಳಗೇ ಕೂಗುತ್ತಿತ್ತು.

ಇದು ನನ್ನ ಭ್ರಮೆಯಿರಬಹುದು ಅಂತ ಹುಡುಕಿ ಓದಿದೆ. 2007ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಹೆಂಗಸರಲ್ಲಿ ಕೆಲವರನ್ನು ರಾತ್ರಿಯಿಡೀ ಮತ್ತೆ ಮತ್ತೆ ಎಬ್ಬಿಸಿದರು, ಇನ್ನು ಕೆಲವರಿಗೆ ಅಷ್ಟೇ ಹೊತ್ತಿನ ನಿದ್ದೆಯನ್ನು ಎಡೆಬಿಡದೆ ಕೊಟ್ಟರು. ನೋವನ್ನು ಅದುಮಿಡಲು ಮೈಯೊಳಗೇ ಒಂದು ವ್ಯವಸ್ಥೆ ಇದೆಯಲ್ಲ, ಅದು ಸೋತದ್ದು ಮತ್ತೆ ಮತ್ತೆ ಎದ್ದವರಲ್ಲಿ. 2019ರಲ್ಲಿ ಅಲ್ಲಿಯದೇ ಬರ್ಕ್ಲಿ ವಿಶ್ವವಿದ್ಯಾಲಯದವರು ನಿದ್ದೆಗೆಟ್ಟವರ ಕಾಲಿಗೆ ಬಿಸಿ ತಾಗಿಸಿ ಮಿದುಳು ಸ್ಕ್ಯಾನ್ ಮಾಡಿದಾಗ, ನೋವನ್ನು ಗ್ರಹಿಸುವ ಭಾಗ ಅಬ್ಬರಿಸುತ್ತಿತ್ತು, ಅದನ್ನು ತೂಗಿ ತಗ್ಗಿಸುವ ಭಾಗಗಳು ಮಂಕಾಗಿದ್ದವು. ನನ್ನ ಹಾಲಿನ ಲೆಕ್ಕ ಹೇಳಿದ್ದೂ ಅದನ್ನೇ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಆರಕ್ಕೆ ಏಳುವುದು. ಮಧ್ಯಾಹ್ನ ಮಲಗದಿರುವುದು (ಭಾನುವಾರದ ಊಟ ಆದಮೇಲೆ ಇದು ತಪಸ್ಸು). ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಎದ್ದು ನಡುಮನೆಯಲ್ಲಿ ಓಡಾಡಿ, ತೂಕಡಿಕೆ ಬಂದಮೇಲೆ ಹಾಸಿಗೆಗೆ ಮರಳುವುದು. ಮಾತ್ರೆಯ ಹೊತ್ತನ್ನು ಡಾಕ್ಟರೇ ರಾತ್ರಿಗೆ ಬದಲಿಸಿದರು. ಮೊದಲ ಎರಡು ವಾರ ನರಕ, ಬಿಟ್ಟುಬಿಡೋಣ ಅನ್ನಿಸಿತ್ತು. ಕಾಯಿಲೆ ಹೋಗಿಲ್ಲ, ಇಂಜೆಕ್ಷನ್ ನಡೀತಾನೇ ಇದೆ. ಬೆಳಗಿನ ಬಿಗಿತ ಮಾತ್ರ ಒಂದೂವರೆ ಗಂಟೆಯಿಂದ ನಲವತ್ತು ನಿಮಿಷಕ್ಕೆ ಇಳಿದಿದೆ. ನಲವತ್ತು ನಿಮಿಷದಲ್ಲಿ ಸ್ನಾನ ಮುಗಿಸಿ ಮಗಳ ಜಡೆ ಹಾಕಬಹುದು.

ನಿನಗೆ ಒಂದು ಮಾತು, ಬೈದುಕೋ ಬೇಕಾದರೆ. ನೋವಿನ ಮಾತ್ರೆ ಟ್ರಮಡಾಲ್ ಜೊತೆಗೆ ಮೆಡಿಕಲ್ ಶಾಪಿನವನು ಕೊಟ್ಟ ನಿದ್ದೆ ಮಾತ್ರೆ ನುಂಗ್ತೀಯಲ್ಲ, ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು. ಅದೂ ನಿನ್ನ ಗೊರಕೆಗೆ! ಹಾಸ್ಟೆಲ್ಲಿನಲ್ಲಿ ನೀನು ನಡುನಡುವೆ ಉಸಿರು ನಿಲ್ಲಿಸಿ, ಮತ್ತೆ ಗಕ್ಕನೆ ಎಳೆದುಕೊಳ್ಳುತ್ತಿದ್ದೆ. ನಾವೆಲ್ಲ ನಗುತ್ತಿದ್ದೆವು, ಈಗ ನೆನೆದರೆ ಹೆದರಿಕೆಯಾಗುತ್ತೆ. ಸ್ಲೀಪ್ ಅಪ್ನಿಯಾ ಇರಬಹುದು. ಅದಕ್ಕೆ ಪರೀಕ್ಷೆ ಇದೆ, ಈ ವಾರವೇ ಡಾಕ್ಟರನ್ನು ಕಾಣು. ಮಾತ್ರೆಗಳ ಚೀಟಿಯನ್ನೂ ತೋರಿಸು, ನೀನೇ ಯಾವುದನ್ನೂ ನಿಲ್ಲಿಸಬೇಡ.

ನನ್ನ ಫೋನು ಈಗ ರಾತ್ರಿ ನಡುಮನೆಯಲ್ಲೇ ಚಾರ್ಜಿಗಿರುತ್ತೆ. ಮೂರು ಗಂಟೆಗೆ ಮೆಸೇಜು ಹಾಕಬೇಡ. ಆರೂಕಾಲಿಗೆ ಫೋನ್ ಮಾಡು, ಬೆನ್ನು ಸಡಿಲಿಸಲು ಕೆರೆ ಏರಿ ಮೇಲೆ ನಡೀತಿರ್ತೀನಿ.

ನಿನ್ನ,
ಮೂರರ ಪಾಳಿಗೆ ರಾಜೀನಾಮೆ ಕೊಟ್ಟವನು