ಗುಳಿಗೆ ಡಬ್ಬಿ, ಗುಂಡಿನ ಡಬ್ಬಿ

ಧಾರವಾಡ, ಭಾನುವಾರ ಮಧ್ಯಾಹ್ನ

ದೋಸ್ತಾ,

ನಿನ್ನ ಪತ್ರ ಬಂದು ಹತ್ತು ದಿನ ಆಯಿತು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಎರಡು ಸಲ ಬರೆಯಲು ಕುಳಿತೆ, ಎರಡೂ ಸಲ ಬರೀ ಬೈಗುಳ ಬಂತು. ಹರಿದು ಹಾಕಿದೆ. ಈಗ ರೊಟ್ಟಿ ಊಟ ಮಾಡಿ, ಒಂದು ನಿದ್ದೆ ತೆಗೆದು, ಸಮಾಧಾನವಾಗಿ ಕುಳಿತಿದ್ದೇನೆ.

ಮನೆಯಲ್ಲೇ ಕಾಡತೂಸು ತುಂಬುವ ಪ್ರೆಸ್ಸು, ಡೈಗಳು, ತಕ್ಕಡಿ, ಎರಡೂ ರೈಫಲ್ಲು, ಎಲ್ಲ ಮಾರುತ್ತೇನೆ ಅಂತ ಬರೆದಿದ್ದೀಯ. ಕಾರಣಗಳನ್ನೂ ಓದಿದೆ. ಭುಜದ ಆಪರೇಷನ್. ಬೆರಳು ನಡುಗುತ್ತವೆ. ತಕ್ಕಡಿಯ ಗೀಟು ಕಾಣುವುದಿಲ್ಲ. ವಯಸ್ಸಾಯಿತು, ಸಾಕು. ಮೊದಲಿನ ಮೂರು ಒಪ್ಪುತ್ತೇನೆ. ನಾಲ್ಕನೆಯದನ್ನು ನನ್ನ ಮುಂದೆ ಹೇಳಬೇಡ. ನನಗಿಂತ ನೀನು ಹನ್ನೊಂದು ದಿನ ಚಿಕ್ಕವನು.

ನನ್ನ ಲೆಕ್ಕ ಕೇಳು. 2021ರಲ್ಲಿ ಎದೆಗೆ ಎರಡು ಸ್ಟೆಂಟ್ ಬಿದ್ದವು. ಮರುವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಶುಗರ್ ಹದಿನೈದು ವರ್ಷದ್ದು. ಅದರ ದೆಸೆಯಿಂದ ಅಂಗಾಲು ಯಾವಾಗಲೂ ಜೋಮು ಹಿಡಿದ ಹಾಗೇ ಇರುತ್ತದೆ. ಚಪ್ಪಲಿ ಕಾಲಲ್ಲಿದೆಯೋ, ಜಾರಿ ಹಿಂದೆ ಉಳಿಯಿತೋ, ಬಗ್ಗಿ ನೋಡಿಯೇ ತಿಳಿಯಬೇಕು. ಇಷ್ಟಾದರೂ ವಾರಕ್ಕೆ ಮೂರು ಸಂಜೆ ರೈಫಲ್ ಹಿಡಿಯುತ್ತಿದ್ದೇನೆ. ನಿನಗೆ ಇದನ್ನು ಈತನಕ ಹೇಳಿರಲಿಲ್ಲ. ನಿನ್ನಂಥ ಪಂಡಿತನ ಮುಂದೆ ಏರ್ ರೈಫಲ್ ಅಂದರೆ ನಗುತ್ತೀಯ ಅಂತ ಸುಮ್ಮನಿದ್ದೆ.

ಶುರುವಾಗಿದ್ದು ಮೊಮ್ಮಗಳಿಂದ. ಅವಳನ್ನು ಶೂಟಿಂಗ್ ಕ್ಲಾಸಿಗೆ ಬಿಟ್ಟು, ಕರೆದುಕೊಂಡು ಬರುವುದು ನನ್ನ ಡ್ಯೂಟಿ. ದೊಡ್ಡ ಜಾಗವೇನಲ್ಲ. ತಗಡಿನ ಶೆಡ್ಡು, ಆರು ಲೇನು, ಹತ್ತು ಮೀಟರ್. ಗೋಡೆಯ ಮೇಲೆ ಸ್ವಪ್ನಿಲ್ ಕುಸಾಳೆಯ ಫೋಟೋ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಹುಡುಗ, ರೈಲ್ವೆಯಲ್ಲಿ ಟಿಕೆಟ್ ನೋಡುತ್ತಿದ್ದವನು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಕಂಚು ಗೆದ್ದ. ಇಲ್ಲಿನ ಹುಡುಗರಿಗೆ ಈಗ ಅವನೇ ದೇವರು. ನಾನು ಬೆಂಚಿನ ಮೇಲೆ ಪೇಪರ್ ಓದುತ್ತ ಕುಳಿತಿರುತ್ತಿದ್ದೆ. ಒಂದು ದಿನ ಕೋಚ್ ಹುಡುಗ ಬಂದು, "ಅಜ್ಜಾರ, ಸುಮ್ನ ಯಾಕ ಕುಂತೀರಿ, ಹತ್ತ ಗುಂಡ ಹೊಡದ ನೋಡ್ರಲ್ಲ" ಎಂದ.

ಎದ್ದು ನಿಂತು ಐದು ಹೊಡೆದೆ. ಎರಡು ಕಾಗದಕ್ಕೆ, ಮೂರು ಹಿಂದಿನ ಹಲಗೆಗೆ. ಅಂಗಾಲಿಗೆ ನೆಲವೇ ಗೊತ್ತಾಗದಿದ್ದರೆ ಮೈ ಹೇಗೆ ನಿಲ್ಲಬೇಕು ಹೇಳು? ಜೋಳದ ದಂಟಿನ ಹಾಗೆ ಓಲಾಡುತ್ತಿದ್ದೆ. ಹುಡುಗ ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ನನಗೆ ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ. ಆಗ ಮೊಮ್ಮಗಳು, "ಅಜ್ಜಾ, ಅವನಿ ಲೇಖರಾ ಕುಂತೇ ಎರಡ ಸಲ ಗೋಲ್ಡ್ ತಂದಾಳ" ಎಂದಳು. ಗಾಲಿಕುರ್ಚಿಯಲ್ಲಿ ಕುಳಿತು ಟೋಕಿಯೋ ಪ್ಯಾರಾಲಿಂಪಿಕ್‌ನಲ್ಲಿ ಒಂದು, ಪ್ಯಾರಿಸ್‌ನಲ್ಲಿ ಒಂದು. ನಾನು ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಳಿತೆ.

ಗುರಿಕಾಗದದ ಕಪ್ಪು ಚುಕ್ಕೆ ನಮ್ಮ ಹಳೇ ರೂಪಾಯಿಗಿಂತ ಸ್ವಲ್ಪ ದೊಡ್ಡದು, 30.5 ಮಿಲಿಮೀಟರ್. ಅದರ ನಟ್ಟನಡುವಿನ ಹತ್ತು ಅಂಕದ ಗುರುತು ಬರೀ ಅರ್ಧ ಮಿಲಿಮೀಟರ್. ಸಾಸಿವೆ ಕಾಳು ಇದಕ್ಕಿಂತ ದಪ್ಪ. ಗುಂಡು 4.5 ಮಿಲಿಮೀಟರ್‌ದು. ಭುಜಕ್ಕೆ ಒದೆತ ಇಲ್ಲವೇ ಇಲ್ಲ. ಈ ಅಳತೆಯ, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಇಲ್ಲಿ ಲೈಸೆನ್ಸ್ ಕೂಡ ಬೇಕಿಲ್ಲ. ನೀನು ನಗು ಬೇಕಾದರೆ. ಆ ಸಾಸಿವೆಯನ್ನು ಒಂದು ಸಲ ಹೊಡೆದು ತೋರಿಸು, ಆಮೇಲೆ ಮಾತಾಡೋಣ.

ಡಾಕ್ಟರಿಗೆ ಹೆದರುತ್ತಲೇ ವಿಷಯ ಹೇಳಿದೆ. ಅವರು ನಕ್ಕು, ಗಾಳಿಯ ಬಂದೂಕು ತಾನೇ, ಹೊಡೆಯಿರಿ, ಆದರೆ ಉಸಿರು ಬಿಗಿಹಿಡಿದು ತಿಣುಕಬೇಡಿ ಎಂದರು. ಆಮೇಲೆ ಕೋಚ್ ಹುಡುಗನಿಗೆ ನನ್ನ ಗುಳಿಗೆ ಚೀಟಿ ತೋರಿಸಿದೆ. ಅವನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ದಿನಾ ಬೆಳಿಗ್ಗೆ ನಾನು ನುಂಗುವ ಮೆಟೊಪ್ರೊಲಾಲ್ ಇದೆಯಲ್ಲ, ಅದು ಶೂಟಿಂಗ್‌ನಲ್ಲಿ ನಿಷೇಧಿತ ಮದ್ದಂತೆ! ಎದೆಬಡಿತ ಇಳಿಸುತ್ತದೆ, ಕೈನಡುಕ ಕಡಿಮೆ ಮಾಡುತ್ತದೆ, ಅದಕ್ಕೆ. 2008ರ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಒಬ್ಬ ಪಿಸ್ತೂಲುಗಾರ ಇದೇ ಜಾತಿಯ ಗುಳಿಗೆಯಿಂದ ಎರಡು ಪದಕ ಕಳೆದುಕೊಂಡ. ಅಂದಮೇಲೆ ನಾನೀಗ ಡೋಪ್ ಮಾಡಿದ ಆಟಗಾರ. ಶೆಡ್ಡಿನ ಹುಡುಗರಿಗೆಲ್ಲ ಗೊತ್ತಾಗಿ, ನಾನು ಒಂಬತ್ತು ಹೊಡೆದರೆ ಸಾಕು, "ಅಜ್ಜಾರು ಗುಳಿಗಿ ನುಂಗ್ಯಾರ" ಎಂದು ಕೂಗುತ್ತಾರೆ.

ಕಣ್ಣಿನ ಪಾಡು ಬೇರೆ. ಪೊರೆ ತೆಗೆದು ಹಾಕಿದ ಲೆನ್ಸು ದೂರದ್ದು. ಗುರಿಕಾಗದ ನಿಚ್ಚಳ ಕಾಣುತ್ತದೆ, ನಳಿಗೆ ತುದಿಯ ಉಂಗುರ ಮಬ್ಬು. ಶೂಟಿಂಗ್‌ನಲ್ಲಿ ಬೇಕಾದದ್ದು ಇದರ ತಿರುಗಾಮುರುಗಾ. ಹಿಂದಿನ ಸೈಟಿನಲ್ಲಿ ಹಿಗ್ಗಿಸಿ ಕುಗ್ಗಿಸುವ ಒಂದು ತೂತು ಇದೆ. ಅದನ್ನು ಕಿರಿದು ಮಾಡಿದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ತಿಳಿಯಾಗುತ್ತವೆ, ಬೆಳಕು ಮಾತ್ರ ಕಡಿಮೆಯಾಗುತ್ತದೆ. ನಮ್ಮಜ್ಜಿ ಚಾಳೀಸು ಸಿಗದಿದ್ದಾಗ ಮುಷ್ಟಿಯ ಸಂದಿಯಿಂದ ಪಂಚಾಂಗ ನೋಡುತ್ತಿದ್ದಳು, ನೆನಪಿದೆಯಾ? ಅದೇ ಯುಕ್ತಿ. ನಿನ್ನ ರೈಫಲ್ಲಿಗೂ ಅಂಥದ್ದೊಂದು ಹಾಕಿಸು.

ಅದಿರಲಿ. ನಾನು ಹೇಳಬೇಕಾಗಿದ್ದು ನಿನ್ನ ಗ್ಯಾರೇಜಿನ ಮಾತು.

2023ರಲ್ಲಿ ಅರಿಝೋನಾಕ್ಕೆ ಬಂದಾಗ ಮೂರು ಸಂಜೆ ಅಲ್ಲಿ ಕುಳಿತಿದ್ದೆ. ನೀನು ಮೊದಲೇ ತಾಕೀತು ಮಾಡಿದ್ದೆ. ವಿಸಿಟರ್ ವೀಸಾದವನು, ಬೇಟೆಯ ಲೈಸೆನ್ಸೂ ಇಲ್ಲ, ಅಂಥವನು ನಿಮ್ಮ ದೇಶದಲ್ಲಿ ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ, ಕಾಡತೂಸನ್ನೂ ಇಟ್ಟುಕೊಳ್ಳುವಂತಿಲ್ಲ, ಕಾಡತೂಸಿನ ಖಾಲಿ ಕೇಸೂ ಅದೇ ಲೆಕ್ಕ, ಕೈ ಕಟ್ಟಿಕೊಂಡು ಕೂಡು ಅಂತ. ಕುಳಿತೆ. ವೈನಿ ಚಹಾ ತಂದಿಟ್ಟು, "ಇವರ ಅಡುಗೆಮನೆ ನೋಡ್ರಿ" ಎಂದು ಹೋದರು. ನಿಜವಾಗಿ ಅಡುಗೆಮನೆಯೇ. ಶಾವಿಗೆ ಮಷೀನಿನ ಹಾಗೆ ಬೆಂಚಿಗೆ ಬಿಗಿದ ಪ್ರೆಸ್ಸು. ಹೊಡೆದು ಉಬ್ಬಿದ ಹಿತ್ತಾಳೆ ಕೇಸಿಗೆ ಚೂರು ಜಿಡ್ಡು ಸವರಿ, ಡೈಯೊಳಗೆ ಹಾಕಿ ಹಿಡಿಕೆ ಒತ್ತುತ್ತಿದ್ದೆ. ಮದ್ದಿಗೆ ಕಿಡಿ ಕೊಟ್ಟು ಸುಟ್ಟ ಪುಟ್ಟ ಪ್ರೈಮರ್ ಟಣ್ ಎಂದು ಕೆಳಗೆ ಬೀಳುತ್ತಿತ್ತು, ಕೇಸು ಮತ್ತೆ ಅಳತೆಗೆ ಬರುತ್ತಿತ್ತು. ಆಮೇಲೆ ಹೊಸ ಪ್ರೈಮರ್, ತೂಗಿದ ಮದ್ದು, ಮೇಲೆ ಬುಲೆಟ್ಟು. ಕೊನೆಗೆ ಕ್ಯಾಲಿಪರ್‌ನಿಂದ ಉದ್ದ ಅಳೆದು ಒಂದು ಹುಂ ಅನ್ನುತ್ತಿದ್ದೆ. ಒಂದು ತಾಸಿಗೆ ಇಪ್ಪತ್ತು. ಅಂಗಡಿಯಲ್ಲಿ ಕೊಂಡರೆ ಇಪ್ಪತ್ತರ ಡಬ್ಬಿ ಐದು ನಿಮಿಷದ ಕೆಲಸ. ಆದರೂ ನಿನ್ನ ಮುಖದಲ್ಲಿ ಅವಸರ ಇರಲಿಲ್ಲ.

ಎನ್‌ಸಿಸಿ ನೆನಪಾಯಿತು ನನಗೆ. ಕರ್ನಾಟಕ ಕಾಲೇಜು, 1974. ಕೆಂಪು ಮಣ್ಣಿನಲ್ಲಿ ಬೋರಲು ಮಲಗಿ, ಪಾಯಿಂಟ್ ಟೂ ಟೂ ರೈಫಲ್, 25 ಗಜ, ತಲೆಗೆ ಐದೈದು ಗುಂಡು. ಹೊಡೆದ ಮೇಲೆ ಖಾಲಿ ಖೋಕಾ, ಅಂದರೆ ಕೇಸು, ಎಣಿಸಿ ಕೊಡಬೇಕು. ಒಂದು ಕಡಿಮೆ ಬಂತು. ಉಸ್ತಾದ್ ಇಡೀ ಪ್ಲಟೂನನ್ನು ಹುಲ್ಲಿನಲ್ಲಿ ತೆವಳಿಸಿದ, ಕತ್ತಲಾಗುವ ತನಕ. ಕೊನೆಗೆ ಅದು ಸಿಕ್ಕಿದ್ದು ನಿನ್ನ ಬೂಟಿನೊಳಗೆ. ಆ ಹೊತ್ತು ಖೋಕಾ ಕಂಡರೆ ಕೆಂಡದಂಥ ಸಿಟ್ಟು ಬರುತ್ತಿದ್ದವನು, ಈಗ ಬಕೆಟ್‌ಗಟ್ಟಲೆ ಕೂಡಿಟ್ಟು, ತೊಳೆದು ಹೊಳಪು ಕೊಡುತ್ತಾನೆ.

ಇನ್ನೊಂದು ಸಂಗತಿ. ನಿನ್ನ ದೊಡ್ಡ ರೈಫಲ್ .30-06ರ ಬುಲೆಟ್ 180 ಗ್ರೇನ್ ತೂಕ ಎಂದಿದ್ದೆ. ಇಲ್ಲಿಗೆ ಬಂದ ಮೇಲೆ ನಮ್ಮ ಓಣಿಯ ಪತ್ತಾರರ ಹತ್ತಿರ ಆ ಮಾತು ತೆಗೆದೆ. ಅವರು ಲೆಕ್ಕ ಹಾಕಿ ಕಣ್ಣರಳಿಸಿದರು. 180 ಗ್ರೇನ್ ಅಂದರೆ ಸರಿಯಾಗಿ ಒಂದು ತೊಲ! ಬ್ರಿಟಿಷರು ತೊಲಕ್ಕೆ ಕಟ್ಟಿದ ತೂಕವೇ ಅದು, 11.66 ಗ್ರಾಂ. ತೊಲಗಟ್ಟಲೆ ಎಸೆಯುತ್ತಿದ್ದೀಯಲ್ಲೋ, ಬಂಗಾರದ ರೇಟು ಗೊತ್ತಿದೆಯಾ? ನನ್ನ ಗುಂಡು ಅರ್ಧ ಗ್ರಾಂ ಚಿಲ್ಲರೆ. ನಾಲ್ಕು ಗುಲಗಂಜಿಗಿಂತ ಸ್ವಲ್ಪ ಜಾಸ್ತಿ.

ನಿನ್ನನ್ನು ನೋಡಿ ನನಗೂ ಹುಚ್ಚು ಹಿಡಿಯಿತು. ಇಲ್ಲಿ ಮನೆಯಲ್ಲಿ ಕಾಡತೂಸು ತುಂಬುವುದು ಲೈಸೆನ್ಸ್ ಇಲ್ಲದೆ ಅಪರಾಧ, ನಮ್ಮಂಥವರಿಗೆ ಆಗದ ಮಾತು. ಗುಂಡು ತೂಗುವುದಕ್ಕೆ ಯಾರ ಅಡ್ಡಿ? ಐನೂರರ ಡಬ್ಬಿ ತಂದು, ಪತ್ತಾರರು ಕೊಡಿಸಿದ ಪುಟ್ಟ ತಕ್ಕಡಿಯಲ್ಲಿ ಒಂದೊಂದೇ ತೂಗುತ್ತೇನೆ. ಅಂಚು ಮುರಿದದ್ದು ಒಂದು ಕಡೆ, ಹಗುರಾದದ್ದು ಒಂದು ಕಡೆ. ಹತ್ತು ಮೀಟರಿಗೆ ಇದರಿಂದ ಎಷ್ಟು ಫರಕು ಬೀಳುತ್ತದೋ, ಅದು ನನ್ನ ಕೈನಡುಕದಲ್ಲಿ ಮುಳುಗಿ ಹೋಗುತ್ತದೆ, ಗೊತ್ತು. ಆದರೂ ಆ ಒಂದು ತಾಸು ಕಾಲಿನ ಜೋಮು ನೆನಪಾಗುವುದಿಲ್ಲ. ನಮ್ಮಾಕಿ ಮಾತ್ರ, "ಗುಳಿಗಿ ಡಬ್ಬಿ, ಗುಂಡಿನ ಡಬ್ಬಿ ಒಂದ ಕಪಾಟಿನ್ಯಾಗ ಇಡಬ್ಯಾಡ್ರಿ, ರಾತ್ರಿ ಕರೆಂಟ್ ಹೋದಾಗ ಯಾವ್ದ ನುಂಗ್ತೀರೋ" ಅನ್ನುತ್ತಾಳೆ. ಗುಂಡೆಲ್ಲ ಸೀಸ. ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯುವ ತನಕ ನನಗೆ ಚಹಾ ಸಿಗುವುದಿಲ್ಲ. ನೀನೂ ತೊಳೆಯುತ್ತೀಯ ಅಂದುಕೊಂಡಿದ್ದೇನೆ.

ಈಗ ನಿನ್ನ ಭುಜ. ಆ ತೊಲದ ಗುಂಡನ್ನು ಹೊಡೆಯಲೇಬೇಕು ಅಂತ ಯಾರಿಗೆ ಮಾತು ಕೊಟ್ಟಿದ್ದೀಯ? .30-06 ಮಾರು, ಹೋಗಲಿ. ಇನ್ನೊಂದಿದೆಯಲ್ಲ, .223. ಅದರ ಬುಲೆಟ್ 55 ಗ್ರೇನ್, ತೊಲದ ಮೂರನೇ ಒಂದು ಪಾಲೂ ಇಲ್ಲ. ಮದ್ದೂ ಅರ್ಧ. ಒದೆತ ನಾಲ್ಕರಲ್ಲೊಂದು ಪಾಲಿಗಿಂತ ಕಡಿಮೆ. ಭುಜದ ಡಾಕ್ಟರನ್ನು ಕೇಳು, ಆರು ತಿಂಗಳು ಬೇಡ ಎಂದರೆ ಆರು ತಿಂಗಳು ಸುಮ್ನೆ ಕೇಸು ತೊಳೆ. ಅಷ್ಟಕ್ಕೂ ತಡೆಯದಿದ್ದರೆ ನನ್ನ ಹಾಗೆ ಏರ್ ರೈಫಲ್ ತಗೋ. ಕೈಯಲ್ಲಿ ರೈಫಲ್ ಭಾರ ಹೊರಲಾಗದವರ ವರ್ಗದಲ್ಲಿ ಸ್ಪ್ರಿಂಗ್ ಸ್ಟ್ಯಾಂಡಿನ ಮೇಲೆ ರೈಫಲ್ ಇಟ್ಟು ಪ್ಯಾರಾಲಿಂಪಿಕ್‌ವರೆಗೂ ಹೋಗುತ್ತಾರೆ. ಮದ್ದು ತೂಗಲು ಬಟನ್ ಒತ್ತಿದರೆ ತಾನೇ ತೂಗಿ ಸುರಿಯುವ ಯಂತ್ರ ನಿಮ್ಮಲ್ಲೇ ಸಿಗುತ್ತದೆ. ಗೀಟು ಓದುವ ಕಷ್ಟ ಇಲ್ಲ, ಅಂಕಿ ದೊಡ್ಡದಾಗಿ ಬರುತ್ತದೆ.

ಒಂದು ಕಡೆ ಮಾತ್ರ ನಿನ್ನ ಹೆದರಿಕೆ ಸರಿ. ಒಂದೇ ಕೇಸಿಗೆ ಎರಡು ಸಲ ಮದ್ದು ಬಿದ್ದರೆ ಬಂದೂಕು ಸಿಡಿಯುತ್ತದೆ, ನೀನೇ ಹೇಳಿದ್ದೆ. ಕೇಸಿನ ಅರ್ಧಕ್ಕಿಂತ ಮೇಲೆ ಬರುವ ಮದ್ದನ್ನೇ ಆರಿಸುತ್ತೇನೆ, ಎರಡು ಸಲ ಹಾಕಿದರೆ ಹೊರಗೆ ಚೆಲ್ಲಲಿ ಅಂತ ನೀನೇ ಅಂದಿದ್ದೆ. ಬುಲೆಟ್ ಕೂರಿಸುವ ಮೊದಲು ಕೇಸು ನಿಲ್ಲಿಸುವ ಬ್ಲಾಕಿನ ಮೇಲೆ ಬ್ಯಾಟರಿ ಬೆಳಕು ಬಿಟ್ಟು ಇಪ್ಪತ್ತೂ ಕೇಸಿನ ಮಟ್ಟ ನೋಡುತ್ತೇನೆ ಎಂದೂ ತೋರಿಸಿದ್ದೆ. ಆ ಪದ್ಧತಿ ಬಿಡಬೇಡ. ಫೋನು ಬಂದರೆ ಎತ್ತಬೇಡ, ನನ್ನದಾದರೂ. ಒಂದು ದಿನ ಈ ಕೇಸಿಗೆ ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ನಿಂತರೆ, ಎಲ್ಲ ಸುರುವಿ ಎದ್ದು ಬಾ. ವಾರದಲ್ಲಿ ಎರಡು ಸಲ ಹಾಗಾಯಿತು ಎಂದು ಬರೆ, ಮಾರು ಅಂತ ನಾನೇ ಹೇಳುತ್ತೇನೆ. ಆಗ ಗೆಳೆತನ ನೋಡುವುದಿಲ್ಲ. ಈಗ ನಿನಗಾದದ್ದು ಅದಲ್ಲ. ಇಡೀ ಪತ್ರದಲ್ಲಿ ಯಾವ ಡೈ ಎಷ್ಟಕ್ಕೆ ಯಾವಾಗ ಕೊಂಡೆ ಅಂತ ಡಾಲರಿನ ತನಕ ಬರೆದಿದ್ದೀಯ. ತಲೆ ನೆಟ್ಟಗಿದೆ.

ಕೈ ನಡುಗುತ್ತದೆ, ನನ್ನದೂ ನಡುಗುತ್ತದೆ, ಗುಳಿಗೆ ನುಂಗಿದರೂ. ಕೋಚ್ ಹುಡುಗ ಕಲಿಸಿದ್ದು ಒಂದೇ. ಎಂಟು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ರೈಫಲ್ ಇಳಿಸು, ಉಸಿರಾಡು, ಮತ್ತೆ ಎತ್ತು. ಚಿಕ್ಕ ಹುಡುಗರು ಇಳಿಸುವುದಿಲ್ಲ. ಎತ್ತಿದ್ದೇವೆ, ಹೊಡೆದೇ ತೀರುತ್ತೇವೆ ಅಂತ ಹಟ, ಏಳಕ್ಕೆ ಹೋಗಿ ಬೀಳುತ್ತಾರೆ. ನನಗೆ ಇಳಿಸಲು ಯಾವ ನಾಚಿಕೆಯೂ ಇಲ್ಲ. ಸ್ಪರ್ಧೆಯವರು 75 ನಿಮಿಷದಲ್ಲಿ 60 ಹೊಡೆಯುತ್ತಾರೆ. ನಾನು ಒಂದು ತಾಸಿನಲ್ಲಿ ಇಪ್ಪತ್ತು. ಒಂದೊಂದಕ್ಕೆ ಮೂರು ಸಲ ಎತ್ತಿ ಇಳಿಸುತ್ತೇನೆ.

ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಒಲಿಂಪಿಕ್‌ನಲ್ಲಿ, ಓಡುವ ಜಿಂಕೆಯ ಗುರಿಗೆ ಹೊಡೆದು, ತಂಡದ ಜೊತೆ ಬೆಳ್ಳಿ ಗೆದ್ದಾಗ ಅವನಿಗೆ 72. ನಮಗಿನ್ನೂ ಮೂರು ವರ್ಷ ಟೈಮ್ ಇದೆ.

ಪ್ರೆಸ್ಸಿಗೆ ಗಿರಾಕಿ ಬಂದಿದ್ದಾನೆ ಎಂದು ಬರೆದಿದ್ದೀಯ. ವೈನಿಗೆ ಹೇಳಿ ಅವನಿಗೆ ಚಹಾ ಕುಡಿಸಿ ಕಳಿಸು. ಡಿಸೆಂಬರಿನಲ್ಲಿ ಬಂದಾಗ ಲೈನ್ ಬಜಾರಿನ ಪೇಡೆ ನನ್ನ ಖರ್ಚು, ಶೆಡ್ಡಿನ ಲೇನು ನಿನ್ನ ಖರ್ಚು. ಕುರ್ಚಿ ಎರಡಿವೆ.

ಜೊತೆಗೆ ನಿನ್ನೆಯ ಗುರಿಕಾಗದ ಇಟ್ಟಿದ್ದೇನೆ. ಹತ್ತು ಗುಂಡು, 91. ಎಡಕ್ಕೆ ಕೆಳಗೆ ಒಂದು ಐದು ಇದೆಯಲ್ಲ, ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡ. ಪಕ್ಕದ ಲೇನಿನ ಹುಡುಗ ಸೀನಿದ.

ನಿನ್ನ,
ಧಾರವಾಡದ ದೋಸ್ತ